ಹುಲ್ಲು ಯಾರದು, ಬಾಡು ಯಾರದು?

ಹೋದ ಯುಗಾದಿಯ ಹೊಸತೊಡಕಿನ ದಿನ ನಮ್ಮ ಕೇರಿಯ ಹತ್ತು ಮನೆಯವರು ದುಡ್ಡು ಹಾಕಿ ಎರಡು ಮರಿ ಕುಯ್ದೆವು. ನೆಲದ ಮೇಲೆ ಎಲೆ ಹಾಸಿ ಹತ್ತು ಗುಡ್ಡೆ ಹಾಕಿದೆವು. ಗುಡ್ಡೆ ಬಾಡು ಅಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಕ್ಕಡಿ ಇಲ್ಲ, ಕಿಲೋ ಲೆಕ್ಕ ಇಲ್ಲ. ತೊಡೆ, ಪಕ್ಕೆ, ಈಲಿ, ಬೋಟಿ, ಮೂಳೆ ಎಲ್ಲವೂ ಎಲ್ಲ ಗುಡ್ಡೆಗೂ ಒಂದಿಷ್ಟು ಬೀಳಬೇಕು. ಬಿದ್ದದ್ದನ್ನು ಹತ್ತು ಜೋಡಿ ಕಣ್ಣು ನೋಡಬೇಕು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಅಕ್ಕನ ಮಗ ಹಬ್ಬಕ್ಕೆ ಬಂದಿದ್ದ. ಗುಡ್ಡೆ ನೋಡುತ್ತ ನಿಂತವನು ನಮ್ಮವ್ವನಿಗೆ ಹೇಳಿದ: "ಅಜ್ಜೀ, ಬೆಂಗಳೂರಲ್ಲಿ ಈಗ ಹುಲ್ಲು ಮೇಯ್ದ ಕುರಿ ಬಾಡು ಅಂತ ಬೇರೇನೇ ಮಾರ್ತಾರೆ. ರೇಟು ಜಾಸ್ತಿ. ಮೈಗೆ ಬಾಳ ಒಳ್ಳೇದಂತೆ."

ಅವ್ವ ಈಲಿ ತೊಳೆಯುತ್ತಿದ್ದವಳು ತಲೆ ಎತ್ತಿ ಕೇಳಿದಳು: "ಹುಲ್ಲು ಮೇಯ್ದೆ ಕುರಿ ಇನ್ನೇನ್ ಮೇಯ್ತದಪ್ಪ? ಇಡ್ಲಿ ತಿಂತದಾ?"

ಕೇರಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಆ ರಾತ್ರಿ ಉಂಡು ಮಲಗಿದ ಮೇಲೆ ನಾವಿಬ್ಬರು ಅಣ್ಣತಮ್ಮಂದಿರಿಗೆ ನಿದ್ದೆ ಬರಲಿಲ್ಲ. ಆ ಹುಲ್ಲನ್ನು ನಾವು ಕುರಿಯ ಹಿಂದೆ ನಡೆದು ನಡೆದು ಬಲ್ಲವರು. ಆ ಹುಲ್ಲಿನ ಮೇಲೆ ಜೀತ ಮಾಡಿದವರು. ಆ ಬಾಡಿನ ರುಚಿ ಮಾತ್ರ ನಮಗೆ ಬಾಳ ತಡವಾಗಿ ಸಿಕ್ಕಿತು. ಅದನ್ನು ಈ ಪತ್ರಿಕೆಯ ಗೆಳೆಯರಿಗೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಅಳಿಯ ಹೇಳಿದ ಮಾತಿನ ನಿಜ ನೋಡೋಣ. ಅವನು ಹೇಳಿದ್ದು ಸುಳ್ಳಲ್ಲ. ಅಮೆರಿಕದಂಥ ದೇಶಗಳಲ್ಲಿ ದನಗಳನ್ನು ಎಳೆಯದರಲ್ಲಿ ಹುಲ್ಲಿಗೆ ಬಿಡುತ್ತಾರೆ. ಕಡೆಯ ಕೆಲವು ತಿಂಗಳು ಸಾವಿರಗಟ್ಟಲೆ ದನವನ್ನು ಒಂದೇ ಕಡೆ ಕೂಡಿಹಾಕಿ, ಮೆಕ್ಕೆಜೋಳ ಮತ್ತು ಕಾಳು ತಿನ್ನಿಸಿ, ಬೇಗ ಕೊಬ್ಬು ಕಟ್ಟಿಸಿ ಕಡಿಯುತ್ತಾರೆ. ಅಲ್ಲಿ ಹುಲ್ಲು ಮೇಯ್ದದ್ದು ವಿಶೇಷ. ಅದಕ್ಕೇ ಅದಕ್ಕೊಂದು ಹೆಸರು, ಒಂದು ಬೆಲೆ.

ಹಸಿರು ಹುಲ್ಲು ಮೇಯ್ದ ಪ್ರಾಣಿಯ ಬಾಡಿನಲ್ಲಿ ಒಟ್ಟು ಕೊಬ್ಬು ಸಾಮಾನ್ಯವಾಗಿ ಕಡಿಮೆ. ಇರುವ ಕೊಬ್ಬಿನಲ್ಲಿ ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಅಂಶ ಕಾಳು ತಿಂದ ಪ್ರಾಣಿಯದಕ್ಕಿಂತ ಹೆಚ್ಚು. ವಿಟಮಿನ್ ಇ ಕೂಡ ಹೆಚ್ಚು. ಹಸಿರು ಮೇಯ್ದ ದನದ ಕೊಬ್ಬು ಹಳದಿಗೆ ತಿರುಗಿರುತ್ತದೆ; ಅದು ಹುಲ್ಲಿನೊಳಗಿನ ಕೆರೋಟಿನ್ ಬಣ್ಣ. ಎಮ್ಮೆಯದೂ ಕುರಿಯದೂ ಬಿಳಿಯಾಗೇ ಇರುತ್ತದೆ. ಇದನ್ನು ನಮ್ಮ ಹಿರಿಯರು ಯಾವ ಪ್ರಯೋಗಶಾಲೆಗೂ ಹೋಗದೆ ಬಲ್ಲವರಾಗಿದ್ದರು.

ಹಾಗಂತ ಹುಲ್ಲು ಮೇಯ್ದದ್ದೆಲ್ಲ ಅಮೃತ ಅಂತ ನಾವು ಹೇಳುವುದಿಲ್ಲ. ಬಾಡಿನಲ್ಲಿರುವ ಒಮೆಗಾ-3 ಮೀನಿನ ಮುಂದೆ ಸ್ವಲ್ಪವೇ. ಕೆಂಪು ಮಾಂಸ ಮಿತಿಮೀರಿ ತಿಂದರೆ ಕರುಳಿನ ಕ್ಯಾನ್ಸರ್ ಬರುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ವೈಚಾರಿಕತೆ ಬೇಕು ಅನ್ನುವ ನಾವು ನಮಗೆ ಬೇಕಾದ ಅರ್ಧ ಸತ್ಯ ಹಿಡಿದು ಕೂರಬಾರದು. ಆದರೆ ಮಿತಿಮೀರಿ ತಿನ್ನುವ ರೋಗ ನಮ್ಮ ಕೇರಿಗೆ ಯಾವತ್ತೂ ಬಂದಿರಲಿಲ್ಲ. ನಮಗೆ ಬಂದಿದ್ದು ತಿನ್ನಲು ಇಲ್ಲದ ರೋಗ.

ಆ ರೋಗದ ಲೆಕ್ಕ ಸರ್ಕಾರವೇ ಕೊಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5. ನೂರು ಕೂಸಿನಲ್ಲಿ ಅರವತ್ತೈದು ಕೂಸಿನ ಮೈಯಲ್ಲಿ ಸಾಕಷ್ಟು ರಕ್ತವಿಲ್ಲ. ರಾಗಿಯಲ್ಲಿ ಕಬ್ಬಿಣವಿದೆ, ಸೊಪ್ಪಿನಲ್ಲಿ ಕಬ್ಬಿಣವಿದೆ, ನಿಜ. ಆದರೆ ಅದು ಮೈಗೆ ಹತ್ತುವುದು ಕಡಿಮೆ. ಬಾಡಿನ ಕಬ್ಬಿಣ ಬೇಗ ಹತ್ತುತ್ತದೆ. ಅಷ್ಟೇ ಅಲ್ಲ, ಮುದ್ದೆಯ ಜೊತೆ ಒಂದು ತುಂಡು ಬಾಡು ಬಿದ್ದರೆ ಆ ರಾಗಿಯ ಕಬ್ಬಿಣವನ್ನೂ ಮೈ ಹೆಚ್ಚು ಹೀರಿಕೊಳ್ಳುತ್ತದೆ. ಬಿ-12 ಅನ್ನುವ ವಿಟಮಿನ್ ಕಾಳು ಸೊಪ್ಪಿನಿಂದ ಸಿಗುವುದಿಲ್ಲ. ಹಾಲು, ಮೊಟ್ಟೆ, ಮೀನು, ಬಾಡಿನಿಂದ ಸಿಗುತ್ತದೆ. ನಮ್ಮವ್ವ ಬಾಣಂತಿಗೆ ಈಲಿ ಸುಟ್ಟು ಕೊಡುತ್ತಿದ್ದಳು. ಯಾಕವ್ವ ಅಂದರೆ "ರಕ್ತ ಆಯ್ತದೆ ಕಣಪ್ಪ" ಅನ್ನುತ್ತಿದ್ದಳು. ಅವಳ ಬಾಯಲ್ಲಿದ್ದದ್ದು ಮೂಢನಂಬಿಕೆಯಲ್ಲ, ವಿಜ್ಞಾನ. ಅವಳಿಗೆ ಇಲ್ಲದ್ದು ತಿಳಿವಳಿಕೆಯಲ್ಲ, ಈಲಿ.

ಇನ್ನು ರುಚಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲೂಕಿನ ಕಡೆ ಇರುವ ನಾಟಿ ಕುರಿಗೆ ದೇಶದ ತಳಿಗಳ ಪಟ್ಟಿಯಲ್ಲಿ 'ಹಾಸನ' ಎಂದೇ ಹೆಸರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1982ರಲ್ಲಿ ಹೊರತಂದ, ಆರ್. ಎಂ. ಆಚಾರ್ಯ ಅವರು ಬರೆದ ಭಾರತದ ಕುರಿ-ಮೇಕೆ ತಳಿಗಳ ಪುಸ್ತಕದಲ್ಲೂ ಅದರ ಹೆಸರಿದೆ. ಚಿಕ್ಕ ಮೈ. ಬಿಳಿ ಮೈ ಮೇಲೆ ತೆಳು ಕಂದು ಇಲ್ಲವೇ ಕಪ್ಪು ಮಚ್ಚೆ. ಜೋತುಬಿದ್ದ ಕಿವಿ. ಒರಟು ತುಪ್ಪಟ, ಅದೂ ಹೊಟ್ಟೆ ಮೇಲೆ ಕಾಲ ಮೇಲೆ ಇಲ್ಲ. ಬಾಡಿಗೆ ದೊಡ್ಡ ಹೆಸರು ಮಂಡ್ಯದ ಬನ್ನೂರು ಕುರಿಗೆ. ಮಳವಳ್ಳಿ ತಾಲೂಕಿನ ಬಂಡೂರು ಅದರ ತವರು. ನಮ್ಮ ಕುರಿಗೆ ಅಂಥ ಹೆಸರಿಲ್ಲ. ನಮಗೂ ಇಲ್ಲ. ನಾವೂ ಅದೂ ಒಂದೇ ಬೀಳಿನಲ್ಲಿ ಬೆಳೆದವರು.

ಈ ಕುರಿಯ ರುಚಿ ಅದರ ನಡಿಗೆಯಲ್ಲಿದೆ. ದಿನಕ್ಕೆ ಮೈಲಿಗಟ್ಟಲೆ ನಡೆಯುವ ಪ್ರಾಣಿಯ ಮಾಂಸಖಂಡ ಕೆಂಪಾಗುತ್ತದೆ, ಗಟ್ಟಿಯಾಗುತ್ತದೆ, ನಾರು ಕಟ್ಟುತ್ತದೆ. ಬೇಯಲು ಹೊತ್ತು ಹಿಡಿಯುತ್ತದೆ. ಮಡಕೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದರೆ ಆ ನಾರೆಲ್ಲ ಕರಗಿ ಸಾರಿಗೆ ಇಳಿದು ಅಂಟಂಟಾಗುತ್ತದೆ. ಆ ಸಾರಿಗೆ ಮುದ್ದೆ ಮುಳುಗಿಸಿದವನಿಗೆ ಗೊತ್ತು ಅದೇನು ಅಂತ. ರುಚಿಯ ಇನ್ನೊಂದು ಪಾಲು ಕೊಬ್ಬಿನಲ್ಲಿದೆ. ಕುರಿ ಬಾಡಿನ ವಾಸನೆ ಇರುವುದೇ ಕೊಬ್ಬಿನಲ್ಲಿ. ಮೇವು ಬದಲಾದರೆ ಆ ವಾಸನೆಯೂ ಬದಲಾಗುತ್ತದೆ.

ಮುಂಗಾರು ಬಿದ್ದ ಮೇಲೆ ಗರಿಕೆ ಚಿಗುರುತ್ತದೆ, ಅಣ್ಣೆಸೊಪ್ಪು ಏಳುತ್ತದೆ. ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ ಹಸಿರು. ಮಾರ್ಲಾಮಿ ಹೊತ್ತಿಗೆ ಕುರಿ ಮೈ ತುಂಬಿರುತ್ತದೆ. ಪಿತೃಗಳಿಗೆ ಎಡೆ ಇಡುವ ಬಾಡೇ ವರ್ಷದಲ್ಲೆಲ್ಲ ರುಚಿ. ಆಮೇಲೆ ರಾಗಿ ಕುಯ್ಲು. ಕೂಳೆ ಹೊಲಕ್ಕೆ ಕುರಿ ಇಳಿಯುತ್ತವೆ, ರೈತರು ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುತ್ತಾರೆ. ಹುರಳಿ ಬಡಿದ ಮೇಲೆ ಹೊಟ್ಟು. ಬೇಸಿಗೆಗೆ ಜಾಲಿಕಾಯಿ. ಯುಗಾದಿ ಹೊತ್ತಿಗೆ ಹುಲ್ಲೆಲ್ಲ ಒಣಗಿ ಕುರಿ ಬಡಕಲು. "ಮಾರ್ಲಾಮಿ ಬಾಡಿನ್ ರುಚಿ ಯುಗಾದಿ ಬಾಡಿಗಿಲ್ಲ" ಅಂತ ಅವ್ವ ಅನ್ನುವುದು ಅದಕ್ಕೇ. ಹುಲ್ಲು ಒಣಗಿದರೆ ಅದರ ಒಳ್ಳೆಯ ಅಂಶವೂ ಒಣಗುತ್ತದೆ. ಇನ್ನು ಕಾಂಗ್ರೆಸ್ ಗಿಡ ಅಂತ ಕರೆಯುವ ಪಾರ್ಥೇನಿಯಂ ತಿಂದ ಕುರಿಯ ಬಾಡು ಕೆಟ್ಟ ವಾಸನೆ. ಒಳ್ಳೆ ಹುಲ್ಲು ಹೋದ ಕಡೆ ಅದೇ ಏಳುತ್ತದೆ. ಅಂದರೆ ನೆಲ ಕೆಟ್ಟರೆ ಅದು ನಮ್ಮ ಬಾಯಿಗೇ ಬಂದು ಮುಟ್ಟುತ್ತದೆ.

ಇಷ್ಟು ನಮಗೆ ಯಾರು ಕಲಿಸಿದರು? ಜೀತ ಕಲಿಸಿತು.

1975ರಲ್ಲಿ ನಮ್ಮಲ್ಲಿ ದೊಡ್ಡವನಿಗೆ ಹನ್ನೊಂದು, ಚಿಕ್ಕವನಿಗೆ ಒಂಬತ್ತು. ಅಕ್ಕನ ಮದುವೆಗೆ ಅಪ್ಪ ತಂದಿದ್ದ ಸಾಲಕ್ಕೆ ನಾವಿಬ್ಬರೂ ಧಣಿಯ ಮನೆಯಲ್ಲಿ ಜೀತಕ್ಕಿದ್ದೆವು. ನಲವತ್ತು ಕುರಿ, ಎಂಟು ದನ. ಬೆಳಿಗ್ಗೆ ಕೊಟ್ಟಿಗೆ ಬಾಚಿ, ತಂಗಳು ಮುದ್ದೆ ತಿಂದು, ಊರ ಗೋಮಾಳಕ್ಕೆ ಹೊಡೆದುಕೊಂಡು ಹೋಗುವುದು. ಯಾವ ಹುಲ್ಲಿಗೆ ಕುರಿ ಮೊದಲು ಬಾಯಿ ಹಾಕುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ, ಎಲ್ಲಿ ನೀರು ಕುಡಿದರೆ ಕೆಮ್ಮುತ್ತದೆ, ಎಲ್ಲ ನಮಗೆ ಬಾಯಿಪಾಠ. ಮಗ್ಗಿ ಮಾತ್ರ ಬರುತ್ತಿರಲಿಲ್ಲ.

ಧಣಿಯ ಮನೆಯಲ್ಲಿ ಹಬ್ಬಕ್ಕೆ, ನೆಂಟರಿಗೆ, ಹರಕೆಗೆ ಮರಿ ಕುಯ್ಯುತ್ತಿದ್ದರು. ಯಾವ ಮರಿ ಅಂತ ಅವರು ತೋರಿಸುತ್ತಿದ್ದರು, ನಾವು ಹಿಡಿದು ತರುತ್ತಿದ್ದೆವು. ನಮ್ಮ ಕೈಯಲ್ಲೇ ಸೊಪ್ಪು ತಿಂದು ಬೆಳೆದ ಮರಿ. ಹಿತ್ತಿಲ ಕಡೆ ಎಲೆ ಹಿಡಿದು ಕೂತರೆ ಮೇಲಿನಿಂದ ಸಾರು ಹುಯ್ಯುತ್ತಿದ್ದರು. ಆ ಸಾರಿನಲ್ಲಿ ಬಾಡು ಹುಡುಕುವುದು ಕೆರೆಯಲ್ಲಿ ಕಳೆದ ಕಾಸು ಹುಡುಕಿದ ಹಾಗೆ. ಮಾರಿಹಬ್ಬದಲ್ಲಿ ಅಪ್ಪ ರಾತ್ರಿಯೆಲ್ಲ ತಮಟೆ ಬಡಿದರೆ ಒಂದು ಬೊಗಸೆ ಬೋಟಿ. ಊರವರ ಗುಡ್ಡೆ ಗುಡಿಯ ಮುಂದೆ. ನಮ್ಮದು ಬೇಲಿಯ ಆಚೆ.

ಆ ವರ್ಷದ ಮುಂಗಾರಿನಲ್ಲಿ ಒಂದು ದಿನ ಒಳ್ಳೆಯ ದಷ್ಟಪುಷ್ಟ ಟಗರೊಂದು ಗೋಮಾಳದಲ್ಲೇ ಬಿದ್ದು, ಕಾಲು ಬಡಿದು, ಹೊತ್ತು ಮುಳುಗುವುದರೊಳಗೆ ಸತ್ತಿತು. ಬೆಳಿಗ್ಗೆ ಚೆನ್ನಾಗೇ ಇತ್ತು. ಈಗ ನೆನೆದರೆ ಅದು ಕರುಳುಬೇನೆ ಇರಬೇಕು. ಹೊಸ ಮಳೆಯ ಚಿಗುರು ಹೊಟ್ಟೆ ಬಿರಿಯ ತಿಂದ ಕುರಿಗೆ ಅದು ಬರುತ್ತದೆ, ಅದೂ ಮಂದೆಯಲ್ಲಿ ಚೆನ್ನಾಗಿರುವ ಕುರಿಗೇ ಬರುತ್ತದೆ. ಮಳೆಗಾಲಕ್ಕೆ ಮೊದಲು ಚುಚ್ಚುಮದ್ದು ಹಾಕಿಸಿದ್ದರೆ ಉಳಿಯುತ್ತಿತ್ತು. ಹಾಕಿಸಬೇಕಾಗಿದ್ದವನು ಧಣಿ. ಏಟು ಬಿದ್ದದ್ದು ನಮಗೆ.

ಹೊಡೆದು ಸಾಕಾದ ಮೇಲೆ ಧಣಿ ಹೇಳಿದ: "ಹೊತ್ಕೊಂಡೋಗ್ರಲಾ, ನಿಮ್ಮೋರಿಗೆ ಹಬ್ಬ. ದುಡ್ಡು ಲೆಕ್ಕಕ್ಕೆ ಬರ್ಕೊಂಡಿದೀನಿ." ಟಗರಿನ ಬೆಲೆ ಅಪ್ಪನ ಸಾಲಕ್ಕೆ ಸೇರಿತು. ಒಂದು ವರ್ಷದ ಜೀತ ಹೆಚ್ಚಾಯಿತು.

ನಾವು ಟಗರನ್ನು ದೊಣ್ಣೆಗೆ ಕಟ್ಟಿ ಹೊತ್ತು ತಂದೆವು. ಮೈ ನೋಯುತ್ತಿದ್ದರೂ ಬಾಯಲ್ಲಿ ನೀರು. ನಿಜ ಹೇಳುತ್ತೇವೆ, ನಾಚಿಕೆಯಿಲ್ಲ. ಒಂದು ಇಡೀ ಕುರಿ! ಹುಟ್ಟಿದಾಗಿನಿಂದ ನಮ್ಮ ಮನೆಯೊಳಗೆ ಒಂದು ಇಡೀ ಕುರಿ ಬಂದಿರಲಿಲ್ಲ.

ಹಾಸನದ ಹಾಸ್ಟೆಲಿನಲ್ಲಿ ಓದುತ್ತಿದ್ದ ನಮ್ಮ ದೊಡ್ಡಪ್ಪನ ಮಗ ಆಗ ಅಂಬೇಡ್ಕರ್ ಹೆಸರನ್ನು ಕೇರಿಗೆ ತಂದಿದ್ದ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತದ್ದನ್ನು ತಿನ್ನುವುದು ಬಿಡಿ ಎಂದದ್ದನ್ನು ಅರಳಿಕಟ್ಟೆಯ ಮೇಲೆ ನಿಂತು ಹೇಳಿದ್ದ. ಗಂಡಸರು ತಲೆಯಾಡಿಸಿ ಮರೆತರು. ಅವ್ವ ಮರೆತಿರಲಿಲ್ಲ. ಅವಳು ಟಗರನ್ನು ನೋಡಿದಳು. ನಮ್ಮ ಬೆನ್ನಿನ ಬಾಸುಂಡೆ ನೋಡಿದಳು. ಗುದ್ದಲಿ ತಗೊಂಡು ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿದಳು.

ಅಪ್ಪ ಕೂಗಾಡಿದ: "ಮಕ್ಳು ಹಸ್ಕೊಂಡವ್ರೆ ಕಣೇ!"

ಅವ್ವ ಅಂದಳು: "ಹಸ್ಕೊಂಡಿರ್ಲಿ. ಸತ್ತದ್ದ ತಿಂದು ವರ್ಸ ಜೀತ ಮಾಡೋದು ಬ್ಯಾಡ. ತಿನ್ನೋದಾದ್ರೆ ಕುಯ್ದು ತಿನ್ಲಿ, ತಮ್ದನ್ನ ತಿನ್ಲಿ."

ನಾವು ಆ ರಾತ್ರಿ ಅತ್ತೆವು. ಟಗರಿಗಾಗಿ ಅಲ್ಲ, ಏಟಿಗೂ ಅಲ್ಲ. ಬಾಡಿಗಾಗಿ ಅತ್ತೆವು. ಅವಳ ಮಾತಿನ ಬೆಲೆ ತಿಳಿಯಲು ನಮಗೆ ಇಪ್ಪತ್ತು ವರ್ಷ ಬೇಕಾಯಿತು. ಕಾಯಿಲೆಯಿಂದ ಸತ್ತ ಪ್ರಾಣಿಯ ಬಾಡಿನಿಂದ ನೆರಡಿಯಂಥ ರೋಗ ಮನುಷ್ಯರಿಗೂ ಬರುತ್ತದೆ, ಜೀವವನ್ನೇ ತೆಗೆಯುತ್ತದೆ. ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ, ಮಾನ ಅಂದರೇನು ಅಂತ ಗೊತ್ತಿತ್ತು. ಅವಳು ಬಿಟ್ಟದ್ದು ಸತ್ತದ್ದನ್ನು. ಬಾಡನ್ನಲ್ಲ.

ಈ ವ್ಯತ್ಯಾಸವನ್ನು ಇವತ್ತಿನ ಹುಡುಗರು ಗಟ್ಟಿಯಾಗಿ ಹಿಡಿಯಬೇಕು. ಸತ್ತದ್ದು ಬಿಡಿ ಎಂದ ಬಾಬಾಸಾಹೇಬರೇ 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ, ಒಂದು ಕಾಲಕ್ಕೆ ಬ್ರಾಹ್ಮಣರೂ ದನದ ಮಾಂಸ ತಿನ್ನುತ್ತಿದ್ದರು, ಅದನ್ನು ತಿನ್ನುವವರನ್ನು ಹೊರಗಿಟ್ಟದ್ದು ಆಮೇಲೆ ಎಂದು ಆಧಾರ ಸಮೇತ ವಾದಿಸಿದರು. ನಮ್ಮ ಕೇರಿಗಳಲ್ಲಿ ಬಡವನ ಕೈಗೆಟಕುತ್ತಿದ್ದ ಹುಲ್ಲು ಮೇಯ್ದ ಬಾಡು ಅಂದರೆ ದೊಡ್ಡ ಬಾಡೇ. ದುಡಿದು ಮುದಿಯಾದ ಎತ್ತು, ಹಾಲು ಬತ್ತಿದ ಎಮ್ಮೆ. ಹುಲ್ಲು, ರಾಗಿಹುಲ್ಲು ಬಿಟ್ಟು ಬೇರೆ ಏನನ್ನೂ ಕಾಣದ ಪ್ರಾಣಿಗಳು. ಮಿಕ್ಕದ್ದನ್ನು ಉಪ್ಪು ಹಚ್ಚಿ ಕೊರಬಾಡು ಮಾಡಿ, ಮಳೆಗಾಲದಲ್ಲಿ ಕೂಲಿ ಇಲ್ಲದ ದಿನ ಕೆಂಡದ ಮೇಲೆ ಸುಟ್ಟು ಕುಟ್ಟಿ ಸಾರಿಗೆ ಹಾಕುತ್ತಿದ್ದೆವು. 1964ರ ಕಾನೂನು 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಕ್ಕೆ ಪರವಾನಗಿ ಪಡೆದು ಕಡಿಯಲು ಅವಕಾಶ ಇಟ್ಟಿತ್ತು. 2021ರಿಂದ ಜಾರಿಗೆ ಬಂದ 2020ರ ಕಾನೂನು 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಅವಕಾಶ ಉಳಿಸಿ, ಉಳಿದದ್ದಕ್ಕೆ 3ರಿಂದ 7 ವರ್ಷ ಜೈಲು ಎಂದಿತು. ನಗರದ ಅಂಗಡಿ ಹುಲ್ಲು ಮೇಯ್ದ ಬಾಡನ್ನು ಆರೋಗ್ಯ ಅನ್ನುತ್ತದೆ. ಕೇರಿಯ ಮಡಕೆಯಲ್ಲಿದ್ದಾಗ ಅದೇ ಬಾಡು ಅಪರಾಧ. ಇದು ಆಹಾರದ ವಿಚಾರವಲ್ಲ. ತಿನ್ನುವ ಕೈ ಯಾರದು ಎಂಬ ವಿಚಾರ.

ಜೀತ ತೊಲಗಿಸುವ ಕಾನೂನು 1976ರಲ್ಲಿ ಆಯಿತು. ನಮ್ಮೂರಿಗೆ ಅದು ಕಾಲೆಳೆದುಕೊಂಡು ಬರುವ ಹೊತ್ತಿಗೆ 1978. ನಾವು ಬಿಡುಗಡೆಯಾಗಿ ಹಾಸ್ಟೆಲ್ ಸೇರಿದೆವು. ಒಬ್ಬ ಮೇಷ್ಟ್ರಾದ, ಒಬ್ಬ ಊರಲ್ಲೇ ಕೂಲಿ ಮಾಡುತ್ತ ಉಳಿದ. ಆದರೆ ಅಷ್ಟರೊಳಗೆ ನಾವು ಬಲ್ಲ ಆ ಹುಲ್ಲು ಒಂದೊಂದೇ ಕಡೆಯಿಂದ ಕಾಣೆಯಾಗತೊಡಗಿತ್ತು.

ಹುಲ್ಲು ತಾನೇ ಹೋಗಲಿಲ್ಲ ಗೆಳೆಯರೇ, ಅದನ್ನು ತೆಗೆದುಕೊಂಡರು. ಹುಲ್ಲಿನ ಬೆಲೆ ಆಳುವವರಿಗೆ ಯಾವತ್ತೂ ಗೊತ್ತಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂದು ದನ ಸಾಕಿದರು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. 1799ರ ಮೇಲೆ ಅದೇ ದನ ಇಂಗ್ಲಿಷರ ತೋಪು ಎಳೆದವು. ಆ ದನಕ್ಕಾಗಿ ಸಾವಿರಾರು ಎಕರೆ ಕಾವಲು ಕಾದಿಟ್ಟರು. ಸೈನ್ಯಕ್ಕೆ ಬೇಕಾದಾಗ ಹುಲ್ಲು ಕಾಯುವುದು ಸರ್ಕಾರಕ್ಕೆ ಕಷ್ಟವಾಗಲಿಲ್ಲ.

ಊರಿನ ಗೋಮಾಳಕ್ಕೂ ಕಾಯಿದೆ ಇದೆ. 1964ರ ಭೂಕಂದಾಯ ಕಾಯಿದೆಯ ಕೆಳಗೆ ಬಂದ 1966ರ ನಿಯಮ 97ರ ಪ್ರಕಾರ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿಗೆ ಬಿಡಬೇಕು. ಕಾಗದದಲ್ಲಿ ಬಿಟ್ಟಿದ್ದಾರೆ. ನೆಲದ ಮೇಲೆ ನೋಡಿ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯಿತು. ಹಿನ್ನೀರಿನಲ್ಲಿ ಊರು ಮುಳುಗಿದವು, ಹುಲ್ಲೂ ಮುಳುಗಿತು. ಕೆಳಗೆ ನಾಲೆ ಬಂದ ಕಡೆ ಬೀಳು ಭೂಮಿಗೆ ಬೆಲೆ ಬಂತು, ಬೆಲೆ ಬಂದದ್ದಕ್ಕೆ ಬೇಲಿ ಬಂತು. 1983ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಅಂತ ಬಂತು. ಎಲ್ಲೆಲ್ಲೂ ನೀಲಗಿರಿ. ನೀಲಗಿರಿ ಎಲೆಯನ್ನು ಕುರಿ ಮುಟ್ಟುವುದಿಲ್ಲ, ಅದರ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. 'ಕಿತ್ತಿಕೊ-ಹಚ್ಚಿಕೊ' ಎಂದು ಆ ಸತ್ಯಾಗ್ರಹಕ್ಕೆ ಹೆಸರು. ನಮ್ಮ ಕಡೆ ಅಂಥದ್ದು ಆಗಲಿಲ್ಲ. ನಮ್ಮೂರ ಗೋಮಾಳದ ಒಳ್ಳೆಯ ಭಾಗಕ್ಕೆ ಧಣಿಯ ಮಕ್ಕಳು ಕಲ್ಲುಕಂಬ ನೆಟ್ಟು ತೆಂಗು ಹಾಕಿದರು. ಇವತ್ತು ಅದು ಫಲ ಬಿಡುವ ತೋಟ.

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಸಭೆಯಲ್ಲಿ ಚಪ್ಪಾಳೆ ತೆಗೆದುಕೊಂಡು ಮನೆಗೆ ಹೋಗಬಹುದು. ಆದರೆ ಇನ್ನೊಂದು ಮಾತಿದೆ, ಅದು ನಮ್ಮ ಗಂಟಲಲ್ಲೇ ಸಿಕ್ಕಿಕೊಂಡಿದೆ. ಆ ಗೋಮಾಳದ ಕಲ್ಲುಮೊರಡಿನ ತುದಿಯಲ್ಲಿ ನಾವೂ ಎರಡು ಎಕರೆ ಉತ್ತಿದ್ದೇವೆ. ನಮ್ಮ ಜೊತೆ ಕೇರಿಯ ಏಳು ಮನೆಯವರು ಉತ್ತಿದ್ದಾರೆ. ಬಗರ್‌ಹುಕುಂ. ಫಾರಂ 50 ತುಂಬಿದೆವು, 53 ತುಂಬಿದೆವು, 57 ತುಂಬಿದೆವು. ಪ್ರತಿ ಸಲವೂ ಕಚೇರಿಯಿಂದ ಒಂದೇ ಉತ್ತರ: ದನಗಳ ಲೆಕ್ಕಕ್ಕೆ ಗೋಮಾಳ ಕೊರತೆ, ಮಂಜೂರಿಗೆ ಬರುವುದಿಲ್ಲ. ಪಕ್ಕದ ತೆಂಗಿನ ತೋಟಕ್ಕೆ ಆ ಕೊರತೆ ಕಾಣಲಿಲ್ಲ.

ಎರಡು ವರ್ಷದ ಹಿಂದೆ ಕುರಿ ಕಾಯುವ ಮುದುಕರೊಬ್ಬರು ನಮ್ಮ ಹೊಲದ ಬದುವಿನಲ್ಲಿ ನಿಂತು ಕೇಳಿದರು: "ಮೇಷ್ಟ್ರೇ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ಧಣಿ ಆ ಕಡಿಂದ ಬೇಲಿ ಹಾಕುದ್ರು. ನೀವ್ ಈ ಕಡಿಂದ ಉತ್ರಿ. ನಮ್ ಕುರಿ ಎಲ್ಲಿ ಮೇಯ್ಬೇಕು?"

ನಾವು ಏನು ಹೇಳಬೇಕು? "ಅಣ್ಣಾ, ನಮಗೂ ಹೊಟ್ಟೆ ಅದೆ" ಅಂದೆವು. ಅವರು "ಅದೆ ಕಣಪ್ಪ, ಎಲ್ರಿಗೂ ಅದೆ" ಅಂದು ಕುರಿ ಹೊಡೆದುಕೊಂಡು ಹೋದರು. ಅವರ ಕುರಿ ಆ ದಿನ ರಸ್ತೆ ಬದಿಯ ಕಾಂಗ್ರೆಸ್ ಗಿಡದ ನಡುವೆ ಗರಿಕೆ ಹುಡುಕುತ್ತಿದ್ದವು. ಮೊನ್ನೆ ಯುಗಾದಿಗೆ ನಾವು ಮರಿ ತಂದದ್ದು ಅವರ ಹತ್ತಿರವೇ. ಮಂದೆಯಲ್ಲಿ ಎಂಬತ್ತಿದ್ದದ್ದು ಈಗ ಇಪ್ಪತ್ತೆರಡು. "ಇನ್ನೆರಡು ವರ್ಸ. ಆಮೇಲೆ ಮಾರ್ಬಿಡ್ತೀನಿ" ಅಂದರು.

ಭೂಮಿ ಇಲ್ಲದವನಿಗೆ ಭೂಮಿ ಬೇಕು. ಇದನ್ನು ನಾವು ಬಿಟ್ಟುಕೊಡುವುದಿಲ್ಲ. ಕುರಿಯವನಿಗೆ ಹುಲ್ಲು ಬೇಕು. ಇದನ್ನೂ ನಾವು ಅಲ್ಲಗಳೆಯಲಾರೆವು. ಎರಡು ಎಕರೆಯ ಮೇಲೆ ನಮ್ಮಿಬ್ಬರನ್ನು ಜಗಳಕ್ಕೆ ಬಿಟ್ಟು, ಇಪ್ಪತ್ತು ಎಕರೆ ನುಂಗಿದವನು ಎಳನೀರು ಕುಡಿಯುತ್ತಿದ್ದಾನೆ. ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಜಗ್‌ಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಊರೊಟ್ಟಿನ ಭೂಮಿ ಒತ್ತುವರಿ ಮಾಡಿದವರನ್ನು ತೆರವು ಮಾಡಿಸಲು ರಾಜ್ಯಗಳು ಯೋಜನೆ ಮಾಡಬೇಕೆಂದು ಹೇಳಿತು. ಸರ್ಕಾರದ ಆದೇಶದ ಮೇಲೆ ಭೂಹೀನ ಕೂಲಿಗಾರರಿಗೆ, ಪರಿಶಿಷ್ಟರಿಗೆ ಗುತ್ತಿಗೆ ಕೊಟ್ಟ ಕಡೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ ಎಂದಿತು. ಅಂದರೆ ಹೊಟ್ಟೆಗಾಗಿ ಉತ್ತವನೂ ಆಸೆಗಾಗಿ ಬೇಲಿ ಹಾಕಿದವನೂ ಒಂದೇ ಅಲ್ಲ ಎಂದು ನ್ಯಾಯಾಲಯಕ್ಕೂ ಗೊತ್ತು. ನಮ್ಮ ಕೈಯಲ್ಲಿ ಆದೇಶವೂ ಇಲ್ಲ, ಗುತ್ತಿಗೆಯೂ ಇಲ್ಲ. ಮೂರು ಸಲ ತುಂಬಿದ ಅರ್ಜಿ ಇದೆ.

ಈಗ ಕೇರಿಯ ತಟ್ಟೆಯಲ್ಲಿ ಏನಿದೆ ಅಂತಲೂ ಹೇಳಿಬಿಡುತ್ತೇವೆ. ಬ್ರಾಯ್ಲರ್ ಕೋಳಿ ಇದೆ. ಆರು ವಾರಕ್ಕೆ ಎರಡು ಕಿಲೋ ತೂಗುವ, ಶೆಡ್ಡಿನಿಂದ ಆಚೆ ಬಾರದೆ ಬೆಳೆದ ಕೋಳಿ. ಅಗ್ಗ, ಹಾಗಾಗಿ ನಾವು ತಿನ್ನುತ್ತೇವೆ, ಮಕ್ಕಳಿಗೂ ತಿನ್ನಿಸುತ್ತೇವೆ. ಏನೂ ಇಲ್ಲದ್ದಕ್ಕಿಂತ ಮೇಲು. ಅದನ್ನು ಹೀಗಳೆಯುವ ಸೊಕ್ಕು ನಮಗಿಲ್ಲ. ಆದರೆ ಅವ್ವ ಅದನ್ನು ಬಾಯಿಗಿಟ್ಟು "ಹತ್ತಿ ಅಗ್ದಂಗದೆ" ಅನ್ನುತ್ತಾಳೆ. 2024-25ರಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಒಂದು ಕಿಲೋ ಕುರಿ ಬಾಡಿಗೆ ಎರಡು ದಿನದ ಕೂಲಿ ಹಾಕಿದರೂ ಸಾಲದು. ಹುಲ್ಲು ಹೋಯಿತು, ಕುರಿ ಕಡಿಮೆಯಾಯಿತು, ಉಳಿದದ್ದು ದುಬಾರಿಯಾಗಿ ಪೇಟೆಗೆ ಹೋಯಿತು. ಹಿಂದೆ ಕುರಿ ಕಾಯ್ದರೂ ಬಾಡು ಸಿಗುತ್ತಿರಲಿಲ್ಲ. ಈಗ ಕಾಯಲಿಕ್ಕೆ ಕುರಿಯೂ ಇಲ್ಲ.

ನಗರದ ಅಣ್ಣಂದಿರಿಗೆ ನಮ್ಮ ಮಾತು ಇಷ್ಟೇ. ಹುಲ್ಲು ಮೇಯ್ದ ಬಾಡು ಒಳ್ಳೆಯದು, ತಿನ್ನಿ. ಆದರೆ ತಿನ್ನುವ ಮೊದಲು ಆ ಹುಲ್ಲು ಯಾರ ನೆಲದಲ್ಲಿ ಬೆಳೆಯಿತು ಅಂತ ಒಂದು ಸಲ ಕೇಳಿ. ಮೇಯಲು ನೆಲ ಬಿಡದ ನಾಡಿನಲ್ಲಿ ಹುಲ್ಲು ಮೇಯ್ದ ಕುರಿ ಅನ್ನುವುದು ಬರೀ ಬೋರ್ಡಿನ ಮೇಲಿನ ಮಾತಾಗಿ ಉಳಿಯುತ್ತದೆ.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇವೆ. ದೊಡ್ಡ ಕೆಲಸವಲ್ಲ. ನಿಮ್ಮೂರ ಗೋಮಾಳದ ಸರ್ವೆ ನಂಬರು ಹುಡುಕಿ, ಪಹಣಿ ತೆಗೆಸಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ, ಅರ್ಜಿ ಹಾಕಿ. ಎಷ್ಟು ಎಕರೆ ಇತ್ತು, ಯಾರು ಎಷ್ಟು ಹಿಡಿದಿದ್ದಾರೆ, ದೊಡ್ಡದರಿಂದ ಚಿಕ್ಕದರವರೆಗೆ ಒಂದು ಪಟ್ಟಿ ಬರೆದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ನಮ್ಮ ಎರಡು ಎಕರೆಯೂ ಆ ಪಟ್ಟಿಯಲ್ಲಿರಲಿ, ನಾವು ಹೆದರುವುದಿಲ್ಲ. ಪಟ್ಟಿಯ ಮೇಲಿನಿಂದ ತೆರವು ಶುರುವಾಗಲಿ, ಕೆಳಗಿನಿಂದಲ್ಲ. ದೊಡ್ಡ ಬೇಲಿ ಬಿದ್ದರೆ ಕುರಿಗೂ ಹುಲ್ಲು ಸಿಗುತ್ತದೆ, ನಮಗೂ ನೆಲ ಉಳಿಯುತ್ತದೆ.

ನಮ್ಮೂರಲ್ಲಿ ಈ ಪಟ್ಟಿಯ ಕೆಲಸ ಶುರುವಾಗಿದೆ. ನಾವೂ ಆ ಕುರಿಯವರೂ ಒಂದೇ ಅರ್ಜಿಗೆ ರುಜು ಹಾಕಿದ್ದೇವೆ. ಅವರಿಗೆ ರುಜು ಬರುವುದಿಲ್ಲ, ಹೆಬ್ಬೆಟ್ಟು ಒತ್ತಿದರು. ಅವ್ವ ನೋಡುತ್ತ ಕೂತಿದ್ದಳು. ಇಂಕಿನ ಪ್ಯಾಡನ್ನು ತನ್ನ ಕಡೆಗೆ ಎಳೆದುಕೊಂಡು, "ನಂದೂ ಒಂದ್ ಇರ್ಲಿ. ಒಂದ್ ಟಗರು ಬಾಕಿ ಐತೆ" ಅಂತ ತಾನೂ ಒತ್ತಿದಳು.